ಮುದಿ ನಾಯಿಯ ನೋವಿಗೆ ಗಾಂಜಾ: ಜತ್ತ ಈಗಲೇ ಎಚ್ಚೆತ್ತುಕೊಳ್ಳಲಿ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಪೂರ್ವಕ್ಕೆ ಹೋದಂತೆ ನಾಯಿ ಇಲ್ಲದ ವಸ್ತಿ ಸಿಗುವುದು ಅಪರೂಪ. ಉಮದಿ, ಸಂಖ, ಮಾಡಗ್ಯಾಳ ಕಡೆ ಎಷ್ಟೋ ಕುಟುಂಬಗಳು ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡಿವೆ. ರಾತ್ರಿ ಅಲ್ಲಿ ಕಾವಲಿಗಿರುವುದು ನಾಯಿಯೇ. ಮಾಡಗ್ಯಾಳ ಕುರಿಗೆ ಹೆಸರಾದ ನೆಲವಿದು. ಹಿಂಡು ಅಡವಿಯಲ್ಲಿ ತಂಗಿದಾಗ ತೋಳ ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದೂ ಅದೇ. ಎಂಟು-ಹತ್ತು ವರ್ಷ ಹೀಗೆ ದುಡಿದ ನಾಯಿ ಒಂದು ದಿನ ಹಿಂಗಾಲು ಎತ್ತಿಡಲಾರದೆ ಗ್ವಾದಲಿಯ ಮೂಲೆಯಲ್ಲಿ ಕೂತುಬಿಡುತ್ತದೆ. ಏಳುವಾಗ ನರಳುತ್ತದೆ, ನಡುರಾತ್ರಿ ಕಾರಣವಿಲ್ಲದೆ ಊಳಿಡುತ್ತದೆ, ರೊಟ್ಟಿಯನ್ನು ಮೂಸಿ ಬಿಡುತ್ತದೆ. ಮನೆಯವರು ಏನು ಮಾಡಬೇಕು?

ಈ ಪ್ರಶ್ನೆಗೆ ಈಗ ಮೊಬೈಲು ಉತ್ತರ ಕೊಡತೊಡಗಿದೆ. ಗಾಂಜಾ ಗಿಡದಿಂದ ತೆಗೆದ ಎಣ್ಣೆ ನಾಲ್ಕು ಹನಿ ಬಾಯಿಗೆ ಬಿಟ್ಟರೆ ಮುದಿ ನಾಯಿ ಮತ್ತೆ ಓಡಾಡುತ್ತದೆ, ಮೂರ್ಛೆರೋಗ ತಗ್ಗುತ್ತದೆ, ಕ್ಯಾನ್ಸರಿನ ನೋವೂ ಇಳಿಯುತ್ತದೆ ಎಂದು ವಿಡಿಯೋಗಳು ಹೇಳುತ್ತವೆ. ಅಮೆರಿಕ, ಕೆನಡಾಗಳಲ್ಲಿ ಇದು ದೊಡ್ಡ ವ್ಯಾಪಾರ. ನಮ್ಮ ದೇಶದಲ್ಲೂ ಆಯುರ್ವೇದದ ಪರವಾನಗಿಯಡಿ 'ವಿಜಯಾ' ಎಂಬ ಹೆಸರಿನಲ್ಲಿ ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ಇಂಥ ಎಣ್ಣೆ ಮಾರುವ ಕಂಪನಿಗಳು ಹುಟ್ಟಿಕೊಂಡಿವೆ. ಮುಂಬಯಿ, ಪುಣೆ, ಬೆಂಗಳೂರಿನ ಮನೆಗೆ ಅದು ಪಾರ್ಸೆಲ್ಲಿನಲ್ಲಿ ಬರುತ್ತದೆ. ಜತ್ತಕ್ಕೆ ಬರುವ ದಾರಿ ಬೇರೆ. ಇಲ್ಲಿ ಮೊದಲು ವಿಡಿಯೋ ಬರುತ್ತದೆ, ಆಮೇಲೆ ಬಾಟಲಿಯ ಬೆಲೆ ಗೊತ್ತಾಗುತ್ತದೆ. ಹದಿನೈದು ದಿನ ಕೂಲಿ ಮಾಡಿದ ದುಡ್ಡು ಒಂದು ಸಣ್ಣ ಸೀಸೆಗೆ ಹೋಗುವಂತಿದ್ದರೆ ಯಾರು ಕೊಳ್ಳುತ್ತಾರೆ? ಆಗ ಪಕ್ಕದವರು ಹೇಳುವ ಮಾತು ನಮಗೆ ಈಗಲೇ ಕೇಳಿಸುತ್ತಿದೆ: "ಕಾಕಾ, ಅದೇನ್ ಬ್ಯಾರೆ ಗಿಡ ಏನ್ರಿ? ನಮ್ ಕಡೀದೇ ಭಂಗಿ. ತುಪ್ಪದಾಗ ಕಾಸಿ ಹಾಕ್ರಿ."

ಈ ಸಂಪಾದಕೀಯ ಬರೆಯುತ್ತಿರುವುದು ಆ ಮಾತಿನ ವಿರುದ್ಧ. ಮೊದಲ ನಾಯಿ ಸತ್ತ ಮೇಲೆ, ಅಥವಾ ಅದರ ಬಾಯಿಗೆ ಕೈ ಹಾಕಿದ ಮನುಷ್ಯ ಆಸ್ಪತ್ರೆ ಸೇರಿದ ಮೇಲೆ ಬರೆದು ಪ್ರಯೋಜನವಿಲ್ಲ.

ಗಿಡ ಒಂದೇ ನಿಜ. ಆದರೆ ಅದರೊಳಗೆ ನೂರಕ್ಕೂ ಹೆಚ್ಚು ರಾಸಾಯನಿಕಗಳಿವೆ, ಇಲ್ಲಿ ಮುಖ್ಯವಾದವು ಎರಡು. ಒಂದು ಟಿಎಚ್‌ಸಿ, ಅಮಲು ಕೊಡುವುದು ಇದು. ಇನ್ನೊಂದು ಸಿಬಿಡಿ, ಇದರಿಂದ ಅಮಲು ಏರುವುದಿಲ್ಲ. ಹೊರದೇಶಗಳಲ್ಲಿ ನಾಯಿಗಳ ಮೇಲೆ ನಡೆದ ಒಳ್ಳೆಯ ಅಧ್ಯಯನಗಳೆಲ್ಲ ಸಿಬಿಡಿಯನ್ನು ಬೇರ್ಪಡಿಸಿ, ಅಳೆದು, ಟಿಎಚ್‌ಸಿ ತೀರಾ ಕಡಿಮೆ ಇರುವಂತೆ ನೋಡಿಕೊಂಡು ಮಾಡಿದವು. ನಮ್ಮ ಹೊಲದ ಬಾಂದಿನ ಮೇಲೆ, ಕಬ್ಬಿನ ಸಾಲಿನ ನಡುವೆ ಕದ್ದು ಬೆಳೆಯುವ ಗಿಡವನ್ನು ಬೆಳೆಯುವುದೇ ಅಮಲಿಗಾಗಿ, ಅಂದರೆ ಟಿಎಚ್‌ಸಿಗಾಗಿ. ವಿಡಿಯೋದಲ್ಲಿ ನಾಯಿಗೆ ಕೊಡುವುದು ಒಂದು, ಇಲ್ಲಿ ಸಿಗುವುದು ಅದಕ್ಕೆ ಪೂರಾ ತಿರುಗುಮುರುಗಾದದ್ದು. ಹಸಿ ಸೊಪ್ಪಿನಲ್ಲಿ ಟಿಎಚ್‌ಸಿ ಬಹುಪಾಲು ಆಮ್ಲದ ರೂಪದಲ್ಲಿರುತ್ತದೆ, ಅಷ್ಟು ಅಮಲು ತರುವುದಿಲ್ಲ. ಬಿಸಿ ಮಾಡಿದಾಗ ಅದು ಅಮಲಿನ ರೂಪಕ್ಕೆ ತಿರುಗುತ್ತದೆ, ಕೊಬ್ಬಿನಲ್ಲಿ ಕರಗುತ್ತದೆ. ತುಪ್ಪದಲ್ಲಿ ಕಾಸುವುದೆಂದರೆ ಔಷಧವನ್ನು ಮೃದು ಮಾಡುವುದೆಂದು ನಮ್ಮ ಜನ ನಂಬುತ್ತಾರೆ. ಈ ಗಿಡದ ಮಟ್ಟಿಗೆ ಹಾಗೆ ಕಾಸಿದರೆ ವಿಷವೇ ಏರುತ್ತದೆ.

ನಾಯಿಯ ಮೈಗೆ ಟಿಎಚ್‌ಸಿ ಆಗದು. ಮೈಯ ತೋಲ, ನಡಿಗೆಯ ಹದ ಕಾಯುವ ಕಿರುಮೆದುಳಿನಲ್ಲಿ ಈ ವಸ್ತು ಹೋಗಿ ಅಂಟುವ ಗ್ರಾಹಕಗಳು ನಾಯಿಗೆ ಮನುಷ್ಯರಿಗಿಂತ ದಟ್ಟವಾಗಿವೆ. ಹಾಗಾಗಿಯೇ ಗಾಂಜಾ ತಿಂದ ನಾಯಿ ನಿಂತಲ್ಲೇ ತೂಗಾಡುತ್ತದೆ, ನಾಲ್ಕು ಕಾಲೂ ಅಗಲಿಸಿಕೊಂಡು ನಿಲ್ಲುತ್ತದೆ. ಗೊತ್ತಿಲ್ಲದೆ ಉಚ್ಚೆ ಸೋರುತ್ತದೆ, ಜೊಲ್ಲು ಸುರಿಯುತ್ತದೆ, ಕೈ ಬೀಸಿದರೆ ಬೆಚ್ಚಿ ಬೀಳುತ್ತದೆ, ಎದೆಬಡಿತ ನಿಧಾನವಾಗಿ ಮೈ ತಣ್ಣಗಾಗುತ್ತದೆ. ತಿಂದ ಅರ್ಧ-ಒಂದು ಗಂಟೆಗೆ ಶುರುವಾದದ್ದು ಒಂದು ದಿನವಾದರೂ ಇರಬಹುದು, ಕೆಲವು ಸಲ ಮೂರು ದಿನದವರೆಗೂ ಇಳಿಯುವುದಿಲ್ಲ. ಹರೆಯದ, ಗಟ್ಟಿ ನಾಯಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಅರೆಪ್ರಜ್ಞೆಯಲ್ಲಿ ವಾಂತಿ ಮಾಡಿಕೊಂಡ ಮುದಿ ನಾಯಿಗೆ ಅದು ಪುಪ್ಪುಸಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯವಿದೆ. ಈಗಾಗಲೇ ಕಾಲಲ್ಲಿ ಬಲವಿಲ್ಲದ, ಹೃದಯ ಸೋತ, ಮೂತ್ರಪಿಂಡ ಕುಂದಿದ ನಾಯಿಯ ಮೇಲೆ ಇದನ್ನು ಹೇರುವುದು ಆರೈಕೆ ಹೇಗಾದೀತು?

ಇದು ಇವತ್ತಿನ ತಿಳಿವಳಿಕೆಯೂ ಅಲ್ಲ. 1839ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ ವಿಲಿಯಂ ಓಶಾನೆಸ್ಸಿ ಗಾಂಜಾದ ಔಷಧ ಗುಣ ಕುರಿತು ಪ್ರಬಂಧ ಪ್ರಕಟಿಸಿದರು. ಪಾಶ್ಚಾತ್ಯ ವೈದ್ಯಕ್ಕೆ ಈ ಗಿಡವನ್ನು ಪರಿಚಯಿಸಿದ ಬರಹವದು. ರೋಗಿಗಳಿಗೆ ಕೊಡುವ ಮೊದಲು ಅವರು ಪರೀಕ್ಷಿಸಿದ್ದು ಪ್ರಾಣಿಗಳ ಮೇಲೆ, ಅದರಲ್ಲೂ ಮೊದಲಿಗೆ ಒಂದು ಮಧ್ಯಮ ಗಾತ್ರದ ನಾಯಿಯ ಮೇಲೆ. ನೇಪಾಳದ ಚರಸ್ಸು ಹತ್ತು ಗ್ರೇನ್, ಅಂದರೆ ಒಂದು ಗ್ರಾಮಿಗೂ ಕಡಿಮೆ, ಕರಗಿಸಿ ಕೊಟ್ಟರು. ಅರ್ಧ ಗಂಟೆಗೆ ನಾಯಿ ಮಂಕಾಯಿತು, ತೂಕಡಿಸಿತು, ಕರೆದರೆ ಓಲಾಡುತ್ತ ಬಂತು, ಆಸೆಪಟ್ಟು ತಿಂದಿತು, ಕುಡುಕನಂತೆ ಮುಖ ಮಾಡಿತು ಎಂದು ದಾಖಲಿಸಿದರು. ಆರು ಗಂಟೆಯಲ್ಲಿ ಅದು ಮೊದಲಿನಂತಾಯಿತು. ಅಷ್ಟು ಸಣ್ಣ ಪ್ರಮಾಣ, ಅಳೆದು ಕೊಟ್ಟದ್ದು, ಪಕ್ಕದಲ್ಲಿ ವೈದ್ಯರೇ ಕೂತು ನೋಡಿದ್ದು, ಅದೂ ಆರೋಗ್ಯವಂತ ನಾಯಿ. ನಮ್ಮ ವಸ್ತಿಯಲ್ಲಿ ಈ ನಾಲ್ಕರಲ್ಲಿ ಒಂದಾದರೂ ಇರುತ್ತದೆಯೇ?

ನಮ್ಮ ಹಿರಿಯರು ದನಕ್ಕೆ ಕೊಡುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಕೊಡುತ್ತಿದ್ದರು. 1893-94ರಲ್ಲಿ ಬ್ರಿಟಿಷ್ ಸರಕಾರ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ದೇಶವನ್ನೆಲ್ಲ ಸುತ್ತಿ ವರದಿ ಬರೆದಾಗ, ದಣಿದ ಎತ್ತಿಗೆ, ಮೇವು ಬಿಟ್ಟ ದನಕ್ಕೆ ಭಂಗಿ ಕೊಡುವ ರೂಢಿಯನ್ನೂ ಬರೆದುಕೊಂಡಿತು. ಆ ಅನುಭವವನ್ನು ನಾವು ಹಗುರ ಮಾಡುವುದಿಲ್ಲ. ಉತ್ತರ ಕರ್ನಾಟಕದ ಆರೂಢ, ಅವಧೂತ ಪರಂಪರೆಯ ಕೆಲವು ಮಠಗಳಲ್ಲಿ ಈ ಸೊಪ್ಪಿಗೆ ಇರುವ ಸ್ಥಾನವೂ ನಮಗೆ ಗೊತ್ತು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದ. ಆದರೆ ನಾಲ್ಕು ಕ್ವಿಂಟಲ್ ತೂಗುವ ಖಿಲಾರಿ ಎತ್ತಿಗೂ ಹದಿನೈದು ಕಿಲೋ ತೂಗುವ ಮುದಿ ನಾಯಿಗೂ ಒಂದೇ ಹಿಡಿ ಸೊಪ್ಪಿನ ಲೆಕ್ಕ ನಡೆಯುವುದಿಲ್ಲ. ಹೊಟ್ಟೆ ಬೇರೆ, ಮೆದುಳು ಬೇರೆ. ಪ್ರಸಾದವೆಂದು ಮನುಷ್ಯ ತಾನಾಗಿ ಕೈಚಾಚಿ ತೆಗೆದುಕೊಳ್ಳುತ್ತಾನೆ. ನಾಯಿಗೆ ಬೇಡ ಎನ್ನುವ ದಾರಿ ಇಲ್ಲ.

ಹಾಗಾದರೆ ಸೀಸೆಯಲ್ಲಿ ಬರುವ ಸಿಬಿಡಿ ಎಣ್ಣೆ? ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಅದರಲ್ಲಿ ಹುರುಳೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. 2018ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕೀಲುವಾತದ 16 ನಾಯಿಗಳ ಮೇಲೆ ಪರೀಕ್ಷೆ ಮಾಡಿದರು. ಮೈತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ ಸಿಬಿಡಿ, ದಿನಕ್ಕೆರಡು ಸಲ. ನೋವು ಇಳಿಯಿತು, ಓಡಾಟ ಹೆಚ್ಚಿತು, ಜೊತೆಗೆ ಯಕೃತ್ತಿನ ಒಂದು ಕಿಣ್ವ ರಕ್ತದಲ್ಲಿ ಏರಿತು. 2019ರಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು ಮೂರ್ಛೆರೋಗದ ನಾಯಿಗಳಿಗೆ ರೂಢಿಯ ಔಷಧದ ಜೊತೆ ಸಿಬಿಡಿ ಕೊಟ್ಟಾಗ ಫಿಟ್ಸ್ ಸರಾಸರಿ ಮೂರನೇ ಒಂದರಷ್ಟು ಕಡಿಮೆಯಾದವು. ಆದರೆ ಅರ್ಧಕ್ಕರ್ಧ ಗುಣ ಕಂಡ ನಾಯಿಗಳ ಸಂಖ್ಯೆ ಸಿಬಿಡಿ ಕೊಟ್ಟ, ಕೊಡದ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. 2021ರಲ್ಲಿ ಅದೇ ವಿಶ್ವವಿದ್ಯಾಲಯದ ಇನ್ನೊಂದು ಪರೀಕ್ಷೆಯಲ್ಲಿ ಕೀಲುನೋವಿನ ನಾಯಿಗಳಿಗೆ ಸಿಬಿಡಿ ಕೊಟ್ಟರೂ ಕೊಡದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಒಟ್ಟಿನಲ್ಲಿ ಭರವಸೆ ಇದೆ, ಗಟ್ಟಿ ಆಧಾರ ಇನ್ನೂ ಬೆಳೆಯಬೇಕಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಕ್ಕಳ ತೀವ್ರ ಮೂರ್ಛೆರೋಗಕ್ಕೆ ಒಂದು ಸಿಬಿಡಿ ಔಷಧವನ್ನು 2018ರಲ್ಲಿ ಒಪ್ಪಿತು. ನಾಯಿಗಳಿಗೆ ಒಪ್ಪಿಗೆ ಕೊಟ್ಟ ಗಾಂಜಾ ಮೂಲದ ಔಷಧ ಅಲ್ಲಿಯೂ ಇಲ್ಲ.

ಈಗ ಲೆಕ್ಕ ಮಾಡಿ ನೋಡಿ. ಕಾರ್ನೆಲ್ ಪ್ರಮಾಣದಂತೆ ಹದಿನೈದು ಕಿಲೋ ನಾಯಿಗೆ ದಿನಕ್ಕೆ 60 ಮಿಲಿಗ್ರಾಂ ಸಿಬಿಡಿ ಬೇಕು, ತಿಂಗಳಿಗೆ 1,800. ಅಷ್ಟು ಕೊಳ್ಳಲಾರದವರು ಎರಡು ಹನಿ ಹಾಕಿ ಆಸೆಯಲ್ಲಿ ಕಾಯುತ್ತಾರೆ. ಆ ಹೊತ್ತಿಗೆ ನಾಯಿಗೆ ಸಿಗಬೇಕಾದ ಬೇರೆ ಚಿಕಿತ್ಸೆ ತಪ್ಪಿಹೋಗುತ್ತದೆ. ಚೀಟಿಯ ಮೇಲೆ ಬರೆದದ್ದೆಲ್ಲ ಸೀಸೆಯೊಳಗೆ ಇರುತ್ತದೆಂಬ ಖಾತ್ರಿಯೂ ಇಲ್ಲ. ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಮಾರುವ 84 ಸಿಬಿಡಿ ಸರಕುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಚೀಟಿಗೂ ಒಳಗಿನದಕ್ಕೂ ತಾಳೆಯಾದದ್ದು ಶೇಕಡಾ 31 ಮಾತ್ರ, 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು. ನಮ್ಮಲ್ಲಿನ ವಿಜಯಾ ಎಣ್ಣೆಗಳಲ್ಲಿ ಕೆಲವಂತೂ ಟಿಎಚ್‌ಸಿ, ಸಿಬಿಡಿ ಎರಡನ್ನೂ ಸಮಸಮ ಇಟ್ಟೇ ಮಾರುತ್ತಾರೆ. ಮನುಷ್ಯರ ನೋವಿಗೆಂದು ಮಾಡಿದ ಅಂಥ ಸೀಸೆಯನ್ನು ನಾಯಿಗೆ ಬಳಸಿದರೆ ಆಗುವುದು ಮೇಲೆ ಹೇಳಿದ ಅಮಲೇ. ಮೂರ್ಛೆರೋಗಕ್ಕೆ ಫಿನೋಬಾರ್ಬಿಟಾಲ್ ತೆಗೆದುಕೊಳ್ಳುತ್ತಿರುವ ನಾಯಿಗೆ ಇನ್ನೊಂದು ತೊಡಕು: ಎರಡೂ ಯಕೃತ್ತಿನ ಮೇಲೆ ಹೊರೆ ಹಾಕುತ್ತವೆ, ಒಂದು ಔಷಧ ಇನ್ನೊಂದರ ಮಟ್ಟವನ್ನು ಏರುಪೇರು ಮಾಡಬಹುದು. ಆಗಾಗ ರಕ್ತ ಪರೀಕ್ಷೆ ಮಾಡಿಸದೆ ಇದನ್ನು ನಡೆಸಬಾರದು.

ಭಾಷೆಯ ಮಾತೂ ಇದೆ. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ಭಂಗಿ ವಿಷಪದಾರ್ಥಗಳ ಪಟ್ಟಿಗೆ ಸೇರಿದೆ. ಅದಿರುವ ಆಯುರ್ವೇದ ಔಷಧದ ಮೇಲೆ, ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆಯನ್ನು ಇಂಗ್ಲಿಷ್, ಹಿಂದಿಯಲ್ಲಿ ಬರೆಯಬೇಕು. ಕನ್ನಡ ಶಾಲೆಯಲ್ಲಿ ಓದಿ, ಮರಾಠಿಯಲ್ಲಿ ಸರಕಾರಿ ಕಾಗದ ತುಂಬುವ ಜತ್ತದ ರೈತನಿಗೆ ಆ ಸಾಲು ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ಬೇರೆ. ಗಾಂಜಾ ತಿಂದ ನಾಯಿಯ ಲಕ್ಷಣಗಳನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ: ಜೊಲ್ಲು, ಓಲಾಟ, ಬೆಚ್ಚುವುದು, ಮಂಕು. ಇದೇ ಲಕ್ಷಣ ರೇಬೀಸಿಗೂ ಇದೆ. ಹುಚ್ಚು ಎಂದರೆ ಕಚ್ಚುತ್ತ ಓಡುವ ನಾಯಿ ಎಂದಷ್ಟೇ ನಮ್ಮ ಜನ ತಿಳಿದಿದ್ದಾರೆ. ರೇಬೀಸಿನ ಇನ್ನೊಂದು ಬಗೆಯಲ್ಲಿ ನಾಯಿ ಸಾಮಾನ್ಯವಾಗಿ ಯಾರನ್ನೂ ಕಚ್ಚುವುದಿಲ್ಲ. ಮೂಲೆ ಹಿಡಿಯುತ್ತದೆ, ದವಡೆ ಜೋತು ಬೀಳುತ್ತದೆ, ನುಂಗಲಾರದೆ ಜೊಲ್ಲು ಸುರಿಸುತ್ತದೆ, ಹಿಂಗಾಲು ಸೋಲುತ್ತವೆ. ನೋಡುವವರಿಗೆ ಅದು ಮುಪ್ಪಿನಂತೆಯೇ ಕಾಣುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿರಬೇಕೆಂದು ಬಾಯೊಳಗೆ ಕೈ ಹಾಕುತ್ತಾರೆ. ಈಗ ಆ ಬಾಯಿಗೆ ತುಪ್ಪದ ಭಂಗಿಯನ್ನೋ ನಾಲ್ಕು ಹನಿ ಎಣ್ಣೆಯನ್ನೋ ಹಾಕಲು ಹೋದರೆ ಬೆರಳಿನ ಸಣ್ಣ ಗಾಯಕ್ಕೆ ಜೊಲ್ಲು ತಾಗಿದರೂ ಸಾಕು. ಲಕ್ಷಣ ಹೊರಬಿದ್ದ ಮೇಲೆ ರೇಬೀಸಿಗೆ ಮದ್ದಿಲ್ಲ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಭಾರತದಲ್ಲೇ ಆಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ತಪ್ಪು ಇನ್ನೊಂದು ದಿಕ್ಕಿನಿಂದಲೂ ಆಗುತ್ತದೆ. ಭಂಗಿ ಹಾಕಿದ ಮನೆಯವರು, ಇದು ಅಮಲು, ನಾಳೆ ಇಳಿಯುತ್ತದೆ ಎಂದು ನಿಜವಾದ ರೇಬೀಸ್ ನಾಯಿಯನ್ನು ಮಕ್ಕಳ ನಡುವೆಯೇ ಮಲಗಿಸಿಕೊಳ್ಳಬಹುದು. ಅಥವಾ ಅಮಲಿನಲ್ಲಿ ತೂರಾಡುತ್ತ ಊರೊಳಗೆ ಬಂದ ನಿರಪರಾಧಿ ಮುದಿ ನಾಯಿಯನ್ನು ಹುಚ್ಚುನಾಯಿಯೆಂದು ಜನ ಬಡಿದು ಹಾಕಬಹುದು. ಆದ್ದರಿಂದ ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನಿಡಿ: ಜೊಲ್ಲು ಸುರಿಸುವ, ನುಂಗಲಾರದ, ಇದ್ದಕ್ಕಿದ್ದಂತೆ ಕಾಲು ಸೋತ ನಾಯಿಯ ಬಾಯಿಗೆ ಬರಿಗೈ ಹಾಕಬೇಡಿ. ಜೊಲ್ಲು ಗಾಯಕ್ಕೆ ತಾಗಿದ್ದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಜತ್ತದ ಗ್ರಾಮೀಣ ರುಗ್ಣಾಲಯಕ್ಕೋ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಮುಪ್ಪು ಎಂದುಕೊಂಡದ್ದು ಎಷ್ಟೋ ಸಲ ಮುಪ್ಪಾಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಕುರಿ ಹಿಂಡಿನ ಜೊತೆ ತಿರುಗುವ ನಾಯಿಯ ಮೈತುಂಬ ಉಣ್ಣೆ ಇರುತ್ತವೆ. ಉಣ್ಣೆಯಿಂದ ಹರಡುವ ಎರ್ಲಿಕಿಯಾ, ಬೆಬೀಸಿಯಾ ಜ್ವರಗಳಲ್ಲಿ ನಾಯಿ ಸೊರಗುತ್ತದೆ, ಊಟ ಬಿಡುತ್ತದೆ, ಕೀಲು ಹಿಡಿದು ಕುಂಟುತ್ತದೆ. ರಕ್ತದ ಒಂದು ಹನಿ ನೋಡಿದರೆ ಪತ್ತೆ ಹಚ್ಚಬಹುದು. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧವನ್ನು ಮೂರು-ನಾಲ್ಕು ವಾರ ಕೊಟ್ಟರೆ ಬಹಳಷ್ಟು ನಾಯಿಗಳು ಎದ್ದು ನಿಲ್ಲುತ್ತವೆ. ಬೀದಿ ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ, ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸೋರುವ ಗಡ್ಡೆಯನ್ನು ಕ್ಯಾನ್ಸರ್ ಎಂದು ಕೈಬಿಡುತ್ತಾರೆ. ಕ್ಯಾನ್ಸರೇ ಅದು, ಆದರೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಬಹುತೇಕ ಪೂರ್ತಿ ವಾಸಿಯಾಗುತ್ತದೆ. ಇಂಥ ನಾಯಿಗೆ ಗಾಂಜಾ ಹಾಕಿ ಮಲಗಿಸಿದರೆ ಗುಣವಾಗಬಹುದಾದ ರೋಗವನ್ನು ಮುಚ್ಚಿಟ್ಟಂತಾಗುತ್ತದೆ. ಸಾಂಗಲಿ ಜಿಲ್ಲೆಯವರಾಗಿ ಇನ್ನೊಂದು ಮಾತು ಸೇರಿಸಲೇಬೇಕು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಬೇದಾಣೆ ಶೆಡ್ಡಿನ ಸುತ್ತ ಉದುರಿದ್ದನ್ನು ತಿನ್ನುವ ನಾಯಿ ವಾಂತಿ ಮಾಡಿಕೊಂಡು ಮಂಕಾದರೆ ಮೊದಲು ಅದನ್ನು ಅನುಮಾನಿಸಬೇಕು. ಭಂಗಿಯ ಲಾಡುವಿಗೆ ಒಣದ್ರಾಕ್ಷಿ ಬೆರೆಸಿ ನಾಯಿಗೆ ಕೊಟ್ಟರೆ ಎರಡು ವಿಷ ಒಟ್ಟಿಗೇ ಹೋದಂತೆ.

ಮುಧೋಳ ನಾಯಿ ಸಾಕಿದವರಿಗೆ ವಿಶೇಷ ಎಚ್ಚರ ಬೇಕು. ಗಡಿಯಾಚೆ ಬಾಗಲಕೋಟೆ ಜಿಲ್ಲೆಯ ಮುಧೋಳ ಈ ತಳಿಯ ತವರು. ಅಲ್ಲಿನ ಘೋರ್ಪಡೆ ಅರಸರು ಬೆಳೆಸಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ಬೇಟೆನಾಯಿಯನ್ನು ನಮ್ಮ ಭಾಗದಲ್ಲೂ ಪ್ರೀತಿಯಿಂದ ಸಾಕುತ್ತಾರೆ. ಮುಧೋಳದಂತೆಯೇ ಕೊಬ್ಬಿಲ್ಲದ ತೆಳು ಮೈಯ ಗ್ರೇಹೌಂಡ್ ತಳಿಯಲ್ಲಿ ಕೆಲವು ಅರಿವಳಿಕೆ ಔಷಧಗಳು ನಿಧಾನವಾಗಿ ಕರಗುತ್ತವೆ ಎಂಬುದು ಪಶುವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿರುವ ಸಂಗತಿ. ಬೇರೆ ನಾಯಿಗೆ ಆದದ್ದು ನನ್ನ ನಾಯಿಗೂ ಆಗುತ್ತದೆ ಎಂಬ ಲೆಕ್ಕವನ್ನು ಮುಧೋಳದ ಮೇಲೆ ಹಾಕಬೇಡಿ.

ಕಾನೂನಿನ ವಿಷಯ ಚಿಕ್ಕದು, ಆದರೆ ಕುಟುಂಬಗಳನ್ನು ಮುಳುಗಿಸುವಂಥದ್ದು. 1985ರ ಮಾದಕ ವಸ್ತು ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಬಿಟ್ಟ, ಕಾಯಿ ಹಿಡಿದ ತುದಿ. ಬರೀ ಎಲೆ ಆ ವ್ಯಾಖ್ಯೆಯ ಹೊರಗಿದೆ, ಇದನ್ನೇ ಹಿಡಿದು ಭಂಗಿಗೆ ಕಾನೂನೇ ಇಲ್ಲ ಎನ್ನುವವರಿದ್ದಾರೆ. ಆದರೆ ಮಹಾರಾಷ್ಟ್ರದಲ್ಲಿ ಭಂಗಿಯನ್ನು 1949ರ ಪಾನನಿಷೇಧ ಕಾಯಿದೆ ನಿಯಂತ್ರಿಸುತ್ತದೆ. ಇನ್ನು ಪರವಾನಗಿ ಇಲ್ಲದೆ ಗಿಡ ಬೆಳೆಸುವುದೇ ಅಪರಾಧ, ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಮೂರೇ ಗಿಡ, ಅದೂ ನಾಯಿಯ ಔಷಧಕ್ಕೆ ಎಂದರೆ ನ್ಯಾಯಾಲಯ ಬಿಡುವುದಿಲ್ಲ. ಕಬ್ಬು, ಮೆಕ್ಕೆಜೋಳ, ತೊಗರಿಯ ನಡುವೆ ಗಾಂಜಾ ಸಿಕ್ಕ ಸುದ್ದಿ ಈ ಗಡಿಭಾಗದಲ್ಲಿ ಹೊಸದಲ್ಲ. 2024ರ ಫೆಬ್ರುವರಿಯಲ್ಲಿ ಕುಪವಾಡದಲ್ಲಿ ದೊಡ್ಡ ಪ್ರಮಾಣದ ಎಂಡಿ ಮಾದಕ ಸಿಕ್ಕ ಮೇಲೆ ಜಿಲ್ಲೆಯ ಪೊಲೀಸರ ಕಣ್ಣು ಇನ್ನಷ್ಟು ಚುರುಕಾಗಿದೆ. ಪ್ರಾಣಿಗೆ ಬೇಕೆಂದೇ ಅಪಾಯಕಾರಿ ಮಾದಕ ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನಲ್ಲೂ ತಪ್ಪು. ಮೋಜಿಗಾಗಿ ನಾಯಿಯ ಮೂತಿಗೆ ಚಿಲುಮೆಯ ಹೊಗೆ ಊದಿ ವಿಡಿಯೋ ಮಾಡುವ ಹುಡುಗರಿಗೆ ಮನೆಯವರು ಇದನ್ನು ಹೇಳಬೇಕು.

ಇಂಥದ್ದೊಂದು ಎಚ್ಚರಿಕೆಯನ್ನು ನಾವು ಹಿಂದೆ ಒಮ್ಮೆ ತಡವಾಗಿ ಕೇಳಿಸಿಕೊಂಡಿದ್ದೇವೆ. ದನದ ನೋವಿಗೆ ಡೈಕ್ಲೊಫೆನಾಕ್ ಬಂದಾಗ ಅಗ್ಗವೆಂದು, ತಕ್ಷಣ ಗುಣ ಕಾಣುತ್ತದೆಂದು ಎಲ್ಲರೂ ಬಳಸಿದರು. ಆ ಔಷಧ ಉಳಿದ ದನದ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಕಾರಣ 2004ರಲ್ಲಿ ಪತ್ತೆಯಾಯಿತು, 2006ರಲ್ಲಿ ಜಾನುವಾರು ಬಳಕೆಗೆ ನಿಷೇಧ ಬಂತು. ಅಷ್ಟರಲ್ಲಿ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಇಲ್ಲವಾಗಿದ್ದವು. ನೋವು ನಿವಾರಕವೊಂದು ಯಾರ ಪರೀಕ್ಷೆಯೂ ಇಲ್ಲದೆ ಹಳ್ಳಿಗೆ ಇಳಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಮೊದಲೇ ಹೇಳಲಾಗದು. ಕೊಲರಾಡೊದಲ್ಲಿ ಗಾಂಜಾ ಔಷಧಕ್ಕೆ ಅನುಮತಿ ಹೆಚ್ಚಿದಂತೆ, 2005ರಿಂದ 2010ರ ನಡುವೆ ಅಲ್ಲಿನ ಎರಡು ಪಶು ಆಸ್ಪತ್ರೆಗಳಿಗೆ ಗಾಂಜಾ ವಿಷವೇರಿ ಬಂದ ನಾಯಿಗಳ ಸಂಖ್ಯೆ ನಾಲ್ಕು ಪಟ್ಟಾಯಿತು. ಎರಡು ನಾಯಿ ಸತ್ತವು, ಎರಡೂ ಗಾಂಜಾ ಕಾಸಿದ ಬೆಣ್ಣೆಯ ತಿಂಡಿ ತಿಂದವು. ನಮ್ಮ ತುಪ್ಪದ ಭಂಗಿಗೂ ಆ ಬೆಣ್ಣೆಗೂ ಏನು ವ್ಯತ್ಯಾಸ?

ಬೇಡ ಎಂದು ಹೇಳಿ ಕೈತೊಳೆದುಕೊಳ್ಳುವ ಹಕ್ಕು ನಮಗಿಲ್ಲ. ನಾಯಿಯ ನೋವು ನಿಜ, ಆ ಮನೆಯವರ ಸಂಕಟವೂ ನಿಜ. ಮೈಲಾರನ ಒಕ್ಕಲು ನಾಯಿಯನ್ನು ದೇವರ ಜೊತೆಗಾರನೆಂದು ನಂಬಿದ ನಾಡಿದು. ಪಶುವೈದ್ಯರ ಬಳಿ ನಾಯಿಯ ಕೀಲುನೋವಿಗೆ ಪರೀಕ್ಷೆಗೊಂಡ ಔಷಧಗಳಿವೆ. ಮೆಲಾಕ್ಸಿಕಾಂ, ಕಾರ್ಪ್ರೊಫೆನ್ ಅಂಥವನ್ನು ತೂಕ ನೋಡಿ, ಮೂತ್ರಪಿಂಡ ಸರಿಯಿದೆಯೇ ತಿಳಿದು ಕೊಡುತ್ತಾರೆ. ನರದ ನೋವಿಗೆ ಗ್ಯಾಬಪೆಂಟಿನ್ ಇದೆ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗೆ ತಂದು ಹಾಕುವುದು ಗಾಂಜಾದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಅಪಾಯ: ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಹೋಗುತ್ತದೆ. ಖರ್ಚಿಲ್ಲದ ಆರೈಕೆಯೂ ಇದೆ. ನಾಲ್ಕು ಗೋಣಿಚೀಲ ಮಡಿಚಿ ಹಾಸಿದ ಒಣ ಜಾಗ, ಎತ್ತರದ ಕಲ್ಲಿನ ಮೇಲಿಟ್ಟ ನೀರಿನ ಬೋಗುಣಿ, ಬೆಳೆದ ಉಗುರು ಕತ್ತರಿಸುವುದು, ದಪ್ಪ ನಾಯಿಯ ತೂಕ ಇಳಿಸುವುದು, ದಿನಕ್ಕೆರಡು ಸಲ ನಿಧಾನವಾಗಿ ನಡೆಸುವುದು. ಎಲ್ಲ ಮಾಡಿಯೂ ನೋವು ಇಳಿಯದ ನಾಯಿಗೆ ಪಶುವೈದ್ಯರು ಚುಚ್ಚುಮದ್ದಿನಿಂದ ನೋವಿಲ್ಲದ ಸಾವು ಕೊಡಬಲ್ಲರು. ಅದನ್ನು ಕೇಳುವುದು ಪಾಪವೆಂದು ತಿಳಿದು ಅಡವಿಗೆ ಒಯ್ದು ಬಿಟ್ಟು ಬರುವುದು ಹೆಚ್ಚಿನ ಕ್ರೌರ್ಯ.

ನಾಯಿ ಈಗಾಗಲೇ ಗಾಂಜಾ ತಿಂದಿದ್ದರೆ ಮುಚ್ಚಿಡಬೇಡಿ. ಎಷ್ಟು ಹೊತ್ತಿಗೆ, ಎಷ್ಟು, ಯಾವುದರಲ್ಲಿ ಬೆರೆಸಿದ್ದು ಎಂದು ಡಾಕ್ಟರಿಗೆ ನೇರವಾಗಿ ಹೇಳಿ. ಅವರಿಗೆ ಬೇಕಿರುವುದು ಚಿಕಿತ್ಸೆಗೆ ದಾರಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಮಂಪರಿನಲ್ಲಿದ್ದಾಗ ಹಾಲು-ಮಜ್ಜಿಗೆ ಸುರಿಯಬೇಡಿ, ಪುಪ್ಪುಸಕ್ಕೆ ಹೋಗುತ್ತದೆ. ಬೆಚ್ಚಗೆ ಹೊದಿಸಿ, ಕತ್ತಲಿನ ಸದ್ದಿಲ್ಲದ ಜಾಗದಲ್ಲಿ ಮಗ್ಗುಲಾಗಿ ಮಲಗಿಸಿ, ಬಾವಿ, ರಸ್ತೆಯ ಕಡೆ ಹೋಗದಂತೆ ನೋಡಿಕೊಂಡು 1962ಕ್ಕೆ ಫೋನ್ ಮಾಡಿ.

ಆ 1962ರ ಸಂಚಾರಿ ಪಶು ದವಾಖಾನೆಯ ಬಗ್ಗೆಯೇ ನಮ್ಮ ಕೊನೆಯ ಒತ್ತಾಯ. ದನ, ಕುರಿಗೆಂದು ಬರುವ ಆ ಗಾಡಿಯಲ್ಲಿ ನಾಯಿಗೆ ಕೊಡುವ ಮೆಲಾಕ್ಸಿಕಾಂ, ಉಣ್ಣೆ ಜ್ವರದ ಔಷಧ, ರೇಬೀಸ್ ಲಸಿಕೆ ಇರಲಿ ಎಂದು ಸಾಂಗಲಿ ಜಿಲ್ಲಾ ಪರಿಷತ್ತಿನ ಪಶುಸಂಗೋಪನೆ ಇಲಾಖೆ ಆದೇಶ ಮಾಡಬೇಕು. ಉಮದಿ, ಸಂಖ ಭಾಗದ ಪಶು ದವಾಖಾನೆಗಳಲ್ಲಿ ವಾರದಲ್ಲಿ ಒಂದು ಹೊತ್ತನ್ನು ನಾಯಿಗಳಿಗೆ ಮೀಸಲಿಡಬೇಕು. ಶಿರವಳದ ಪಶುವೈದ್ಯಕೀಯ ಕಾಲೇಜು ಮತ್ತು ಗಡಿಯಾಚೆಯ ಬೀದರಿನ ಪಶು ವಿಶ್ವವಿದ್ಯಾಲಯ ಸೇರಿ ಮುದಿ ನಾಯಿಯ ನೋವಿನ ಬಗ್ಗೆ ಕನ್ನಡ, ಮರಾಠಿ ಎರಡರಲ್ಲೂ ಒಂದು ಪುಟದ ಕರಪತ್ರ ಮಾಡಬಹುದು, ಇದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಸಾಕುಪ್ರಾಣಿಗೆಂದು ಮಾರುವ ವಿಜಯಾ ಎಣ್ಣೆಯ ಪ್ರತಿ ಸೀಸೆಯ ಮೇಲೆ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎಂದು ಸ್ವತಂತ್ರ ಪ್ರಯೋಗಾಲಯದ ವರದಿಯೊಡನೆ ಬರೆಯುವುದನ್ನು, ಎಚ್ಚರಿಕೆಯನ್ನು ಆಯಾ ಪ್ರದೇಶದ ಭಾಷೆಯಲ್ಲೂ ಹಾಕುವುದನ್ನು ಕೇಂದ್ರ ಸರಕಾರ ಕಡ್ಡಾಯ ಮಾಡಬೇಕು. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿ ಜಾತ್ರೆ, ಅದರ ಬೆನ್ನಿಗೆ ಜತ್ತದ ಯಲ್ಲಮ್ಮನ ಜಾತ್ರೆ ಮತ್ತು ದನದ ಪೇಟೆ. ಎರಡೂ ರಾಜ್ಯದ ಕುರಿಗಾರರು, ರೈತರು ಅಲ್ಲಿ ಸೇರುತ್ತಾರೆ. ಪಶು 1962, ರೇಬೀಸ್ ಲಸಿಕೆ, ನಾಯಿಗೆ ಭಂಗಿ ಬೇಡ: ಇಷ್ಟನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದ ಫಲಕ ಈ ವರ್ಷದ ಪೇಟೆ ಸೇರುವ ಮೊದಲೇ ಅಲ್ಲಿ ನಿಂತಿರಬೇಕು.